ಅಪ್ಪನ ಗುಣ್ಯಾ ಮತ್ತು ವಾಫಲ್ ಅಚ್ಚು

ನಾನು ಕೆಲಸ ಮಾಡುವ ಹೋಟೆಲಿನ ಬೆಳಗಿನ ತಿಂಡಿಯ ಸಾಲಿನಲ್ಲಿ, ಮೊಟ್ಟೆಯ ಮೇಜಿಗೂ ಹಣ್ಣಿನ ಮೇಜಿಗೂ ನಡುವೆ, ವಾಫಲ್ ಮಾಡುವ ಮೇಜು ಇದೆ. ಅದರ ಮೇಲೆ ಮರದ ಚೌಕಟ್ಟಿನಲ್ಲಿ ಒಂದು ಕಾರ್ಡು ನಿಂತಿದೆ. ವಾಫಲ್ ಎಲ್ಲಿಂದ ಬಂತು ಎಂದು ಇಂಗ್ಲಿಷಿನಲ್ಲಿ ಹನ್ನೆರಡು ಸಾಲು. ಬರೆದವಳು ನಾನು. ಕೆಳಗೆ ಹೆಸರಿಲ್ಲ, ಇರಲಿ. ಆ ಹನ್ನೆರಡು ಸಾಲಿಗಾಗಿ ಮೂರು ವಾರ ಗೋವಾದ ವಾಸ್ಕೋ ಊರಿನ ಲೈಬ್ರರಿಯಲ್ಲಿ ಕೂತಿದ್ದೆ.

ಮ್ಯಾನೇಜರು ಎಲ್ಲರನ್ನೂ ನಿಲ್ಲಿಸಿ ಕೇಳಿದ್ದರು, ಯಾರಾದರೂ ಬರೆಯುತ್ತೀರಾ ಎಂದು. ಕೈ ಎತ್ತಿದವಳು ನಾನೊಬ್ಬಳೇ. ನಾನು ಇತಿಹಾಸದಲ್ಲಿ ಬಿ.ಎ. ಮಾಡಿದವಳು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಏಳನೇ ಇಯತ್ತೆ ದಾಟಿದವರಿಲ್ಲ. ಮಂಗೋರ್ ಹಿಲ್‌ನ ಒಂದೂವರೆ ಕೋಣೆಯ ಮನೆಯಲ್ಲಿ, ಅವ್ವ ರೊಟ್ಟಿ ಬಡಿಯುವ ಸದ್ದಿನಲ್ಲೇ ಓದಿದೆ. ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾಗಿ ಮೂರನೇ ಸಲ ಪಾಸಾದೆ. ಅದನ್ನು ಯಾರಿಂದಲೂ ಮುಚ್ಚಿಟ್ಟಿಲ್ಲ. ಮುಚ್ಚಿಟ್ಟದ್ದು ಬೇರೆ ಒಂದಿದೆ. ಅದನ್ನು ಹೇಳಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ.

ಕಾರ್ಡು ಸಿದ್ಧವಾದ ದಿನ ಒಂದು ಪ್ರತಿಯನ್ನು ಮನೆಗೆ ತಂದೆ. ಮರುದಿನ ವಾರದ ರಜೆ. ಬ್ರೆಡ್ ಮಾರುವ ಪೊದೇರ ಸೈಕಲ್ಲಿನ ಹಾರ್ನ್ ಒತ್ತುತ್ತ ಪಾವು ಕೊಟ್ಟು ಹೋಗಿದ್ದ. ಅಪ್ಪ ಹೊಸ್ತಿಲ ಮೇಲೆ ಕೂತು ಪಾವನ್ನು ಚಹಾದಲ್ಲಿ ಅದ್ದುತ್ತಿದ್ದ. ಅವ್ವ ಒಳಗೆ ಜೋಳದ ಹಿಟ್ಟು ನಾದುತ್ತಿದ್ದಳು. ನಾನು ಇಬ್ಬರಿಗೂ ಕೇಳುವಂತೆ ಕನ್ನಡದಲ್ಲಿ ಹೇಳುತ್ತ ಹೋದೆ.

ಮೊದಲಿಗೆ ಅದು ಬೆಳಗಿನ ತಿಂಡಿಯೇ ಅಲ್ಲ. ಹಳೇ ಯುರೋಪಿನಲ್ಲಿ ಉದ್ದ ಹಿಡಿಕೆಯ ಎರಡು ಕಬ್ಬಿಣದ ಹಾಳೆಗಳ ನಡುವೆ ಹಿಟ್ಟು ಒತ್ತಿ, ಬೆಂಕಿಯ ಮೇಲೆ ಹಿಡಿದು ಸುಡುತ್ತಿದ್ದರು. ಚರ್ಚಿನಲ್ಲಿ ಪ್ರಸಾದಕ್ಕೆ ಕೊಡುವ ತೆಳ್ಳನೆ ಬಿಲ್ಲೆಯನ್ನು ಮಾಡುತ್ತಿದ್ದುದೂ ಅಂಥದೇ ಇಕ್ಕಳದಲ್ಲಿ. ಆಮೇಲೆ ಯಾರೋ ಹಾಳೆಯ ಮೇಲೆ ಜೇನುಗೂಡಿನಂಥ ಮನೆಗಳನ್ನು ಎಬ್ಬಿಸಿದರು. ಹಬ್ಬದ ದಿನ ಚರ್ಚಿನ ಬಾಗಿಲಲ್ಲಿ ಬಿಸಿಬಿಸಿ ಮಾರಿದರು. ಡಚ್ಚರು ಕಡಲು ದಾಟಿ ಅಮೆರಿಕಕ್ಕೆ ಹೋಗುವಾಗ ಅಚ್ಚೂ ಜೊತೆಗೆ ಹೋಯಿತು. ಅಲ್ಲಿ ಒಲೆಯ ಮೇಲೆ ಮಗುಚುವ ಅಚ್ಚು ಬಂತು, ಆಮೇಲೆ ಕರೆಂಟಿನದು ಬಂತು. ಕರೆಂಟಿನದು ಬಂದ ಮೇಲೆ ಅಚ್ಚು ಊಟದ ಮೇಜಿನ ಮೇಲೇ ಬಂದು ಕೂತಿತು. ಹಬ್ಬಕ್ಕೊಮ್ಮೆ ಸಿಗುತ್ತಿದ್ದದ್ದು ನಿಧಾನಕ್ಕೆ ದಿನದ ಮುಂಜಾನೆಯದಾಯಿತು.

ಇನ್ನೊಂದು ಮಾತನ್ನು ಜಾಗವಿಲ್ಲವೆಂದು ಕಾರ್ಡಿನಲ್ಲಿ ಬರೆದಿರಲಿಲ್ಲ, ಅಪ್ಪನಿಗೆ ಮಾತ್ರ ಹೇಳಿದೆ. ಆ ಕಡೆ ಕೆಲವು ಊರುಗಳಲ್ಲಿ ಮಗಳ ಮದುವೆಗೆ ಈ ಅಚ್ಚನ್ನು ಉಡುಗೊರೆ ಕೊಡುತ್ತಿದ್ದರಂತೆ, ಹಾಳೆಯ ಮೇಲೆ ಮನೆತನದ ಅಕ್ಷರ ಕೆತ್ತಿಸಿ.

ಅಪ್ಪ ಪಾವು ಅದ್ದುವುದನ್ನು ನಿಲ್ಲಿಸಿದ.

"ಮಾಡಿದವನ ಹೆಸರು ಇರ್ತಿತ್ತೇನು ಅದರಾಗ?"

"ಇಲ್ಲಪಾ. ಮನಿಯವರ ಹೆಸರು."

"ಕಮ್ಮಾರನ ಹೆಸರು ಎಲ್ಲಿ ಬರೀತಾರ ತಗೋ. ಗಿರಾಕಿ ಹೆಸರ ಬರಿಯೂದು ಎಲ್ಲಾ ಊರಾಗ." ಪಾವನ್ನು ಬದಿಗಿಟ್ಟು ಕೇಳಿದ, "ಎರಡು ಹಾಳಿ, ಒಂದು ಬಿಜಾಗ್ರಿ, ಎರಡು ಹಿಡಿಕಿ. ಅಷ್ಟೇ ಹೌದಲ್ಲೋ?"

"ಅಷ್ಟೇ."

"ಹಂಗಾರ ಮಾಡಿಕೊಡ್ತೇನಿ."

ಒಳಗಿನಿಂದ ಅವ್ವ, "ಮನ್ಯಾಗಿನ ನಲ್ಲಿ ಸೋರಾಕತ್ತು ಎರಡು ತಿಂಗಳಾತು. ಮೊದಲ ಅದನ್ನ ಮಾಡ್ರಿ," ಅಂದಳು.

ಅಪ್ಪ ಅದಿರು ಸಾಗಿಸುವ ಬಾರ್ಜ್ ದೋಣಿಗಳನ್ನು ರಿಪೇರಿ ಮಾಡುವ ಯಾರ್ಡಿನಲ್ಲಿ ಫಿಟ್ಟರ್. ವಿಜಯಪುರದ ಕಡೆಯಿಂದ ಕೂಲಿಗೆ ಬಂದವನು, ತುಕ್ಕು ಕೆರೆಯುವ ಕೆಲಸದಿಂದ ಶುರು ಮಾಡಿ, ನೋಡಿ ನೋಡಿಯೇ ಫಿಟ್ಟರ್ ಆದವನು. ಓದು ಬರೆಹ ಇಲ್ಲ, ಆದರೆ ಗುಣ್ಯಾ ಇತ್ತು. ಗುಣ್ಯಾ ಎಂದರೆ ಮೂಲೆ ನೆಟ್ಟಗಿದೆಯೇ ಎಂದು ನೋಡುವ ಉಕ್ಕಿನ ಮೂಲೆಪಟ್ಟಿ. ಅದನ್ನು ಕಬ್ಬಿಣಕ್ಕೆ ಒತ್ತಿ ಹಿಡಿದು ಬೆಳಕಿಗೆ ಎತ್ತಿ ಒಂದು ಕಣ್ಣು ಮುಚ್ಚುತ್ತಿದ್ದ. ಸಂದಿನಲ್ಲಿ ಬೆಳಕು ಹಾಯ್ದರೆ ಕೆಲಸ ಕೆಟ್ಟಿದೆ, ಹಾಯದಿದ್ದರೆ ಸರಿ ಇದೆ. ನಮ್ಮ ಮನೆಯ ಕಪಾಟು, ದೇವರ ಹಲಗೆ, ನಾನು ಓದಲು ಕೂರುತ್ತಿದ್ದ ಸ್ಟೂಲು, ಎಲ್ಲವೂ ಆ ಗುಣ್ಯಾದ ಪರೀಕ್ಷೆಯಲ್ಲಿ ಪಾಸಾದವು. ಬಾಡಿಗೆ ಮನೆಯ ಗೋಡೆಗಳು ಮಾತ್ರ ನಪಾಸು. "ಈ ಗೌಂಡಿ ಕಣ್ಣು ಕಟ್ಟಿಕೊಂಡು ಕಟ್ಟ್ಯಾನ," ಎಂದು ವರ್ಷಕ್ಕೊಮ್ಮೆಯಾದರೂ ಅನ್ನುತ್ತಿದ್ದ. ಕೆಲಸ ಮುಗಿದ ಮೇಲೆ ಗುಣ್ಯಾಕ್ಕೆ ಎಣ್ಣೆ ಸವರಿ, ಅವ್ವನ ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ, ಗಂಟು ಹಾಕಿ ಇಡುತ್ತಿದ್ದ.

ಅಚ್ಚು ಮಾಡಲು ಅವನಿಗೆ ಎರಡು ತಿಂಗಳು ಹಿಡಿಯಿತು. ಯಾರ್ಡಿನಲ್ಲಿ ಬಿದ್ದಿದ್ದ ದಪ್ಪ ಹಾಳೆಯ ತುಂಡುಗಳನ್ನು ಫೋರ್ಮನ್ನನನ್ನು ಕೇಳಿ ಎತ್ತಿಕೊಂಡ. ಅವನ ಗೆಳೆಯ, ಯಾರ್ಡಿನಲ್ಲಿ ಮಷಿನ್ ನಡೆಸುವವನು, ನಾನು ಕಾಕಾ ಎಂದು ಕರೆಯುವವನು, ಅಡ್ಡ ಉದ್ದ ಗೆರೆ ಹೊಡೆದುಕೊಟ್ಟ. ಗೆರೆಗಳ ನಡುವೆ ಉಳಿದ ಕಬ್ಬಿಣ ಹಲ್ಲುಗಳಂತೆ ಎದ್ದು ನಿಂತಿತು. ಸಾಲಿಗೆ ಆರು, ಅಂಥ ಆರು ಸಾಲು, ಎರಡೂ ಹಾಳೆಗೆ. ಪ್ರತಿ ಹಲ್ಲನ್ನೂ ಅಪ್ಪ ಅರದಿಂದ ಉಜ್ಜಿ ಗುಣ್ಯಾ ಹಚ್ಚಿ ನೋಡಿ ನೆಟ್ಟಗೆ ಮಾಡಿದ. ಬಿಜಾಗರಿ ಹಾಕಿದ. ಮೊಳದುದ್ದದ ಹಿಡಿಕೆ ಬೆಸೆದ. ಹಿಡಿಕೆಯ ಮೇಲೆ, ಪೈಪುಗಳಿಗೆ ಗುರುತು ಹೊಡೆಯುವ ಅಕ್ಷರದ ಪಂಚ್ ಇಟ್ಟು ಸುತ್ತಿಗೆಯಿಂದ ಎರಡು ಇಂಗ್ಲಿಷ್ ಅಕ್ಷರ ಕೂರಿಸಿದ. ಯಾವ ಪಂಚು ಯಾವ ಅಕ್ಷರದ್ದು ಎಂದು ಯಾರನ್ನು ಕೇಳಿದನೋ ಗೊತ್ತಿಲ್ಲ. ಬಿ.ಎ. ಎಂದಿತ್ತು.

"ಇದು ಮನೆತನದ ಅಕ್ಷರ," ಅಂದ.

ಗಣೇಶ ಚವತಿ ಮುಗಿದ ಮರುವಾರ, ನನ್ನ ರಜೆಯ ದಿನ ಮುಂಜಾನೆ, ಅದನ್ನು ಒಲೆಯ ಮೇಲಿಟ್ಟೆವು. ಅಂದು ನಾನು ಹೋಟೆಲಿನ ಇಬ್ಬರು ಗೆಳತಿಯರನ್ನೂ ಕರೆದಿದ್ದೆ. ಅಪ್ಪನ ಕೆಲಸ ತೋರಿಸಬೇಕೆಂಬ ಆಸೆ ಇತ್ತು, ಸುಳ್ಳು ಹೇಳುವುದಿಲ್ಲ. ಅಪ್ಪ ಹಿಂದಿನ ದಿನವೇ ಅಚ್ಚಿಗೆ ಎಣ್ಣೆ ಬಳಿದು ಕಾಯಿಸಿ, ಹೊಸ ಹಂಚನ್ನು ಪಳಗಿಸಿದಂತೆ ಪಳಗಿಸಿದ್ದ. ನಾನು ಹಿಟ್ಟು ಹೊಯ್ದೆ, ಮುಚ್ಚಿದೆ, ಮಗುಚಿದೆ. ವಾಸನೆ ಚೆನ್ನಾಗಿ ಬಂತು. ತೆರೆಯಲು ಹೋದರೆ ತೆರೆಯಲಿಲ್ಲ. ನಾನೂ ಅಪ್ಪನೂ ಒಂದೊಂದು ಹಿಡಿಕೆ ಹಿಡಿದು ಎಳೆದೆವು. ಅಚ್ಚು ಬಾಯಿಬಿಟ್ಟಾಗ ವಾಫಲ್ ಎರಡು ಪದರವಾಗಿ ಸೀಳಿ, ಅರ್ಧ ಮೇಲಿನ ಹಲ್ಲಿಗೆ, ಅರ್ಧ ಕೆಳಗಿನ ಹಲ್ಲಿಗೆ ಕಚ್ಚಿಕೊಂಡಿತ್ತು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಅರ್ಧ ಬಟ್ಟಲು ಎಣ್ಣೆ ಸುರಿದೆವು. ಅದೂ ಹಾಗೇ. ಅಪ್ಪ ಒಂದು ಮೊಳೆ ಹಿಡಿದು, ಹಲ್ಲಿನ ಸಂದಿಯಿಂದ ಹಿಟ್ಟು ಕೆದರುತ್ತ ಕೂತ. ಗೆಳತಿಯರಲ್ಲಿ ಒಬ್ಬಳು ನಕ್ಕಳು. ಕೆಟ್ಟ ನಗೆಯಲ್ಲ, ಸುಮ್ಮನೆ ಬಂದ ನಗೆ. ನನಗೆ ಮುಖ ಸುಟ್ಟಂತಾಯಿತು.

"ಅಪ್ಪಾ, ಇದೇನು ಬಾರ್ಜ್ ಅಲ್ಲ," ಅಂದೆ. "ತಿಳೀಲಾರದ್ದಕ್ಕ ಕೈ ಹಾಕಬಾರದು."

ಅಪ್ಪ ಮೊಳೆಯಿಂದ ಕೆದರುತ್ತಲೇ ಇದ್ದ. ಅಚ್ಚು ಆರಿದ ಮೇಲೆ ಗುಣ್ಯಾ ತಂದು ಒಂದು ಹಲ್ಲಿಗೆ ಹಚ್ಚಿ, ಕಿಟಕಿಯ ಕಡೆ ಎತ್ತಿ ಹಿಡಿದು ನನ್ನನ್ನು ಕರೆದ. "ನೋಡು ಯವ್ವಾ. ಬೆಳಕು ಹಾಯೂದಿಲ್ಲ. ಒಂದಾರ ಹಲ್ಲಿಗೆ ಹಾಯ್ತೈತೇನು ನೋಡು." ನಾನು ನೋಡಿದೆ. ಹಾಯುತ್ತಿರಲಿಲ್ಲ.

ಒಂದು ವಾರ ಅದರ ಮಾತೇ ಬರಲಿಲ್ಲ. ಆಮೇಲೆ ಒಂದು ಸಂಜೆ ಅಪ್ಪ ಗುಣ್ಯಾ ಸುತ್ತಿದ ಬಟ್ಟೆಯ ಗಂಟನ್ನು ನನ್ನ ಮುಂದಿಟ್ಟ.

"ನಾಳೆ ಇದನ್ನ ಹೋಟೆಲಿಗೆ ಒಯ್ಯಿ. ನಿಮ್ಮ ಮಷಿನ್ನು ತಣ್ಣಗ ಇದ್ದಾಗ ಒಂದು ಹಲ್ಲಿಗೆ ಹಚ್ಚು. ಬೆಳಕು ಹಾಯ್ತೈತೋ ಇಲ್ಲೋ ಅಷ್ಟ ನೋಡ್ಕೊಂಡು ಬಾ. ನನ್ನ ಕಡೆ ಏನೋ ತಪ್ಪೈತಿ. ಏನಂತ ತಿಳೀವಲ್ದು."

ತೆಗೆದುಕೊಂಡು ಹೋದೆ. ಹೋಟೆಲಿನ ಅಡುಗೆಮನೆ ಹೇಗಿರುತ್ತದೆ ಎಂದು ಹೇಳಬೇಕು. ಎಲ್ಲ ಬೆಳ್ಳಗೆ. ಕೈಗೆ ಗ್ಲೌಸು, ತಲೆಗೆ ಬಲೆ. ಹೊರಗಿನ ಒಂದು ಚಮಚ ತಂದರೂ ಕೇಳುವವರಿದ್ದಾರೆ. ನನ್ನ ಚೀಲದಲ್ಲಿ ಗ್ರೀಸಿನ ವಾಸನೆಯ ಹಳೇ ಸೀರೆಯ ಗಂಟು. ನಾನು ಆ ಮೇಜಿಗೆ ಬಂದದ್ದು ಸುಮ್ಮನೆ ಅಲ್ಲ. ಮೊದಲ ವರ್ಷ ಪಾತ್ರೆ ತೊಳೆದಿದ್ದೇನೆ, ಆಮೇಲೆ ಹಣ್ಣು ಹೆಚ್ಚಿದ್ದೇನೆ. ಈಗ ನನ್ನ ಕಾರ್ಡು ಓದಿ ಪ್ರವಾಸಿಗರು, ಇದನ್ನು ಬರೆದವರು ಯಾರು ಎಂದು ಕೇಳುತ್ತಿದ್ದರು. ಅಂಥ ಜಾಗದಲ್ಲಿ ಗಂಟು ಬಿಚ್ಚಿ, ಕಬ್ಬಿಣದ ಪಟ್ಟಿ ಹಿಡಿದು, ಒಂದು ಕಣ್ಣು ಮುಚ್ಚಿ ನಿಲ್ಲುವುದೇ? ಯಾರಾದರೂ ಏನಿದು ಎಂದರೆ ಏನು ಹೇಳಲಿ? ಗಂಟನ್ನು ಲಾಕರಿನಲ್ಲಿಟ್ಟೆ. ಶಿಫ್ಟು ಮುಗಿದ ಮೇಲೆ ಹಾಗೇ ತೆಗೆದುಕೊಂಡು ಮನೆಗೆ ಬಂದೆ.

"ನೋಡಿದ್ಯಾ?"

"ನೋಡಿದೆ."

"ಬೆಳಕು?"

"ಹಾಯಲಿಲ್ಲ. ಅದೂ ನಿನ್ನ ಅಚ್ಚಿನಂಗ ಐತಿ."

ಇದೇ ನಾನು ಮುಚ್ಚಿಟ್ಟದ್ದು. ಒಂದು ಸಣ್ಣ ಸುಳ್ಳು. ಹೇಳುವಾಗ ನನಗೆ ಅದು ಸುಳ್ಳು ಅನ್ನಿಸಿರಲೂ ಇಲ್ಲ. ಒಂದು ರಗಳೆ ಮುಗಿಯಿತು ಅನ್ನಿಸಿತು.

ರಗಳೆ ಮುಗಿದದ್ದು ನನಗೆ. ಅಪ್ಪನಿಗೆ ಶುರುವಾಯಿತು. ಮೂಲೆ ಸರಿ ಇದ್ದರೆ ತಪ್ಪು ಬೇರೆ ಎಲ್ಲೋ ಇರಬೇಕು. ಮತ್ತೆ ಪಳಗಿಸಿದ. ಸಣ್ಣ ಮರಳುಕಾಗದ ಹಾಕಿ ಹಲ್ಲುಗಳನ್ನು ಕನ್ನಡಿಯಂತೆ ಉಜ್ಜಿದ. ಬಿಜಾಗರಿ ಬಿಚ್ಚಿ ಬೇರೆ ಹಾಕಿದ. ಅವ್ವನ ಹತ್ತಿರ ಒಂದು ದಿನ ದ್ವಾಸಿ ಹಿಟ್ಟು, ಒಂದು ದಿನ ಪಡ್ಡಿನ ಹಿಟ್ಟು ಬೇಡಿ ಹೊಯ್ದು ನೋಡಿದ. ಎಲ್ಲ ಕಚ್ಚಿಕೊಂಡವು. ಅವ್ವ ಅದಕ್ಕೆ ಗೂಡಿನ ದ್ವಾಸಿ ಎಂದು ಹೆಸರಿಟ್ಟಿದ್ದಳು. "ನಿಮ್ಮ ಗೂಡಿನ ದ್ವಾಸಿ ಗೂಡು ಬಿಟ್ಟು ಹೊರಗ ಬರವಲ್ದು," ಎಂದು ಛೇಡಿಸುವಳು. ಅಷ್ಟರಲ್ಲಿ ಅಪ್ಪನ ಎದೆ ಕೆಟ್ಟಿತ್ತು. ವರ್ಷಗಟ್ಟಲೆ ನುಂಗಿದ ತುಕ್ಕಿನ ಧೂಳು, ವೆಲ್ಡಿಂಗ್ ಹೊಗೆ. ಗುಡ್ಡ ಏರುವಾಗ ಮೂರು ಕಡೆ ನಿಲ್ಲುತ್ತಿದ್ದ. ದೀಪಾವಳಿಯ ಹೊತ್ತಿಗೆ ಯಾರ್ಡು ಬಿಟ್ಟ. ಮನೆಯಲ್ಲಿ ಅವನಿಗೆ ಉಳಿದ ಕೆಲಸ ಆ ಅಚ್ಚೊಂದೇ.

ತಪ್ಪು ಅವನಿಗೆ ಸಿಕ್ಕಿದ್ದು ಸಂಕ್ರಾಂತಿಯಲ್ಲಿ. ಊರಿನಿಂದ ಸೋದರಮಾವ ಹೊಸ ಬೆಲ್ಲ ತಂದಿದ್ದ, ಬಕೆಟ್ಟಿನ ಅಚ್ಚಿನಲ್ಲಿ ಹೊಯ್ದ ಇಡೀ ಗಡ್ಡೆ. ಅವ್ವ ಅದನ್ನು ತಾಟಿನಲ್ಲಿ ಬೋರಲಿಟ್ಟು ಒಡೆಯಲು ಕಲ್ಲು ಎತ್ತಿದ್ದಳು. ಅಪ್ಪ ಅವಳ ಕೈ ಹಿಡಿದ.

"ನಿಂದರು, ನಿಂದರು."

ಬೆಲ್ಲದ ಸುತ್ತ ಕೈಯಾಡಿಸಿದ. ಚಿಕ್ಕಂದಿನಲ್ಲಿ ಗಾಣದ ಮನೆಯಲ್ಲಿ ಕೂಲಿ ಮಾಡಿದವನು, ಇಂಥ ನೂರಾರು ಗಡ್ಡೆಗಳನ್ನು ಬಕೆಟ್ಟಿನಿಂದ ಬಡಿದು ಬೀಳಿಸಿದವನು. "ಇದು ಯಾಕ ಜಾರಿ ಬೀಳ್ತೈತಿ ಹೇಳು?" ಎಂದು ನನ್ನನ್ನು ಕೇಳಿ, ಉತ್ತರವನ್ನೂ ತಾನೇ ಕೊಟ್ಟ. "ಬಕೀಟಿನ ಬುಡ ಸಣ್ಣದು, ಬಾಯಿ ದೊಡ್ಡದು. ಗ್ವಾಡಿ ಓರೆ ಐತಿ. ನೆಟ್ಟಗಿದ್ದಿದ್ದರ ಜನ್ಮದಾಗ ಬೆಲ್ಲ ಬಿಡ್ತಿದ್ದಿಲ್ಲ." ಅಚ್ಚು ತಂದು ಮಡಿಲಲ್ಲಿಟ್ಟುಕೊಂಡ. "ನನ್ನ ಹಲ್ಲು ಭಾಳ ನೆಟ್ಟಗ ಆಗ್ಯಾವು ಯವ್ವಾ. ತುದಿ ಸಣ್ಣ ಆಗಬೇಕು, ಬುಡ ದಪ್ಪ ಇರಬೇಕು."

ಹೇಳಿ ನಕ್ಕ. ನಗುತ್ತ ಕೆಮ್ಮಿದ. ಕೆಮ್ಮು ನಿಂತ ಮೇಲೆ ನನ್ನ ಕಡೆ ನೋಡಿದ. ನಾನು ಬೆಲ್ಲ ನೋಡುತ್ತಿದ್ದೆ.

"ನಿಮ್ಮ ಹೋಟೆಲಿನ್ದೂ ಓರೆನ ಇರಬೇಕು," ಅಂದ. ಹಲ್ಲಿನ ಮೇಲೆ ಬೆರಳಾಡಿಸುತ್ತ, "ಒಳಗ ಬೆಳಕು ಕಮ್ಮಿ ಇದ್ದೀತು. ನಿನಗ ಕಂಡಿರಲಿಕ್ಕಿಲ್ಲ."

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

ಮರುದಿನದಿಂದ ಹೊಸ್ತಿಲ ಮೇಲೆ ತೆಳ್ಳನೆ ಅರ ಹಿಡಿದು ಕೂತ. ಒಂದೊಂದು ಹಲ್ಲಿಗೆ ನಾಲ್ಕು ಮಗ್ಗುಲು. ಗೆರೆ ಎಷ್ಟು ಸಣ್ಣದೆಂದರೆ ಅರವನ್ನು ಬೆರಳ ತುದಿಯಲ್ಲೇ ಹಿಡಿದು ಆಡಿಸಬೇಕು. ನಾಲ್ಕು ಸಲ ಉಜ್ಜಿದರೆ ಒಂದು ಸಲ ಉಸಿರು ತೆಗೆದುಕೊಳ್ಳಲು ನಿಲ್ಲಬೇಕು. ಕಾಕಾ ಬಂದವನು ನೋಡಿ ಬೈದ. "ಮಷಿನ್ನಿಗೆ ಹಚ್ಚಿದ್ರ ಒಂದ ತಾಸಿನ ಕೆಲಸಲೇ. ಯಾಕ ಸಾಯ್ತಿ?" ಅಪ್ಪ, "ಕೈಲೆ ಮಾಡಿದ ತಪ್ಪು ಕೈಲೆ ತಿದ್ದಬೇಕು. ನೀ ಚಹಾ ಕುಡದು ಹೋಗು," ಅಂದ. ಇಷ್ಟು ವರ್ಷ ಬೆಳಕು ಹಾಯದಂತೆ ಉಜ್ಜಿದ ಕೈ ಈಗ ಬೇಕೆಂದೇ ಬೆಳಕು ಹಾಯುವಂತೆ ಉಜ್ಜುತ್ತಿತ್ತು. ಆ ಓರೆಯೂ ಎಲ್ಲ ಹಲ್ಲಿಗೆ ಒಂದೇ ಸಮನಾಗಿರಬೇಕು. ಅದಕ್ಕೊಂದು ತಗಡು ಕತ್ತರಿಸಿ ಅಳತೆ ಮಾಡಿಕೊಂಡಿದ್ದ. ನಾನು ಬೆಳಗಿನ ಶಿಫ್ಟಿಗೆ ಹೊರಟಾಗ ಅವನು ಇನ್ನೂ ಮಲಗಿರುತ್ತಿದ್ದ. ಮಧ್ಯಾಹ್ನ ಬಂದಾಗ ಹೊಸ್ತಿಲ ಮೇಲೆ ಕಬ್ಬಿಣದ ಪುಡಿ ಬೂದಿಯಂತೆ ಬಿದ್ದಿರುತ್ತಿತ್ತು. ಅವ್ವ ಗೊಣಗುತ್ತ ಗುಡಿಸುತ್ತಿದ್ದಳು.

ಕೆಳಗಿನ ಹಾಳೆ ಪೂರ್ತಿ ಮುಗಿಯಿತು. ಮೇಲಿನ ಹಾಳೆಯಲ್ಲಿ ಮೂರು ಸಾಲು ಮುಗಿದವು. ಹೋಳಿ ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದೆವು. ಮೂರನೇ ದಿನ ಬೆಳಿಗ್ಗೆ ಹೋದ. ಬೆಳಗಿನ ಶಿಫ್ಟಿನಲ್ಲಿ ಫೋನು ಹತ್ತಿರ ಇಟ್ಟುಕೊಳ್ಳುವ ಹಾಗಿಲ್ಲ. ಲಾಕರಿನಲ್ಲಿತ್ತು. ತೆಗೆದು ನೋಡಿದಾಗ ಅವ್ವನ ಹನ್ನೊಂದು ಕರೆಗಳಿದ್ದವು. ಅಷ್ಟು ಹೊತ್ತು ನಾನು ವಾಫಲ್ ಮಾಡುತ್ತಿದ್ದೆ. ಒಂದೂ ಕಚ್ಚಿಕೊಂಡಿರಲಿಲ್ಲ.

ಚವತಿಯಿಂದ ಸಂಕ್ರಾಂತಿಗೆ ನಾಲ್ಕು ತಿಂಗಳು. ಸಂಕ್ರಾಂತಿಯಿಂದ ಹೋಳಿಗೆ ಎರಡು. ಎರಡು ತಿಂಗಳಲ್ಲಿ ಅವನು ಒಂದೂವರೆ ಹಾಳೆ ಮುಗಿಸಿದ, ಅದೂ ಉಸಿರು ಇಲ್ಲದವನು. ಆ ನಾಲ್ಕು ತಿಂಗಳು ಸಿಕ್ಕಿದ್ದರೆ? ಈ ಲೆಕ್ಕಕ್ಕೆ ಬಿ.ಎ. ಬೇಕಿಲ್ಲ.

ಹದಿಮೂರನೇ ದಿನದ ಕಾರ್ಯವೆಲ್ಲ ಮುಗಿದ ಮೇಲೆ ಕಾಕಾ ಬಂದ. ಕಟ್ಟೆಯ ಮೇಲಿದ್ದ ಅಚ್ಚನ್ನು ಎತ್ತಿ ನೋಡಿದ. "ಮೂರ ಸಾಲು ಉಳದಾವು ವೈನಿ. ಕೊಡ್ರಿ, ಸಂಜೀಕ ಮುಗಿಸಿ ತರ್ತೇನಿ."

ಅವ್ವ ನನ್ನ ಮುಖ ನೋಡಿದಳು.

"ಇರಲಿ ಬಿಡ್ರಿ ಅಣ್ಣಾರ," ಅಂದಳು ಅವ್ವ. "ಅವರು ಎಲ್ಲಿಗೆ ನಿಲ್ಲಿಸ್ಯಾರ ಅಲ್ಲೇ ಇರಲಿ."

ಕಾಕಾ ಹೋದ ಮೇಲೆ ಅವ್ವ ತಾನಾಗಿಯೇ, "ಹಿಟ್ಟು ಕಲಸು," ಅಂದಳು. ಕಲಸಿದೆ. ಒಲೆ ಹಚ್ಚಿದೆ. ಮೇಲೆ ಕೆಳಗೆ ಎಣ್ಣೆ ಸವರಿ, ಹೊಯ್ದು, ಮುಚ್ಚಿ, ಮಗುಚಿದೆ. ತೆರೆದಾಗ ಅಚ್ಚು ಅರ್ಧ ದಾರಿ ಸಲೀಸಾಗಿ ಎದ್ದಿತು, ಆಮೇಲೆ ಬಿಗಿಯಿತು. ಎಳೆದೆ. ವಾಫಲ್ ಸರಿಯಾಗಿ ನಡುವೆ ಹರಿಯಿತು. ಅಪ್ಪ ಮುಗಿಸಿದ ಮೂರು ಸಾಲಿನ ಕಡೆಯ ಅರ್ಧ ಕೆಳಗಿನ ಹಾಳೆಯ ಮೇಲೆ ಇಡಿಯಾಗಿ, ಚೌಕ ಚೌಕವಾಗಿ ಕೂತಿತ್ತು. ತಟ್ಟೆಯ ಮೇಲೆ ಬಗ್ಗಿಸಿದರೆ ಜಾರಿ ಬಂತು. ಉಳಿದ ಅರ್ಧ ಮೇಲಿನ ಹಾಳೆಯ ಉಜ್ಜದ ಹಲ್ಲುಗಳಿಗೆ ಜೋತುಬಿದ್ದಿತ್ತು.

ಅವ್ವ ಅಪ್ಪನ ಮೊಳೆ ತೆಗೆದುಕೊಂಡು, ಕಚ್ಚಿಕೊಂಡದ್ದನ್ನು ಕೆದರಿ ಕೆದರಿ ಬಾಯಿಗೆ ಹಾಕಿಕೊಳ್ಳತೊಡಗಿದಳು. ಚಲೋ ಅರ್ಧವನ್ನು ನನ್ನ ಕಡೆ ತಳ್ಳಿದಳು. ನನಗೆ ಅದನ್ನು ಮುಟ್ಟಲಾಗಲಿಲ್ಲ. ಅಲ್ಲೇ ಒಲೆಯ ಮುಂದೆ ಕೂತು ಎಲ್ಲ ಹೇಳಿದೆ. ಲಾಕರು, ಗಂಟು, ನಾಚಿಕೆ, ಸುಳ್ಳು. ಅವ್ವ ಕೆದರುವುದನ್ನು ನಿಲ್ಲಿಸಲಿಲ್ಲ.

"ನಿಮ್ಮಪ್ಪಗ ಗೊತ್ತಿತ್ತು," ಅಂದಳು.

"ಯಾವಾಗ?"

"ನೀ ತಂದು ಕೊಟ್ಟ ದಿನಾನ. ಅವರು ಹಾಕೂ ಗಂಟು ನಿನಗ ಬರೂದಿಲ್ಲ. ಬಾರ್ಜಿನ ಹಗ್ಗದ ಗಂಟು ಅದು. ಬಿಚ್ಚಿದ್ದಿದ್ದರ ನೀ ಬ್ಯಾರೆ ಗಂಟು ಹಾಕಿ ತರ್ತಿದ್ದಿ. ಹಾಕಿಕೊಟ್ಟಂಗನ ವಾಪಸ್ ಬಂದೈತಿ ನೋಡು ಅಂತ ನನಗ ತೋರಿಸಿದ್ರು."

"ಮತ್ತ ನನ್ನ ಯಾಕ ಕೇಳಲಿಲ್ಲ?"

"ನಾನೂ ಅದನ್ನ ಅಂದೆ. ಇನ್ನೊಮ್ಮೆ ಕಳಸ್ರಿ ಅಂದೆ. 'ಬ್ಯಾಡ, ಹುಡುಗಿಗಿ ಅಲ್ಲಿ ನಾಲ್ಕು ಮಂದ್ಯಾಗ ತ್ರಾಸ ಆಗ್ತೈತಿ. ನಾ ಕೊಡಬಾರದಿತ್ತು,' ಅಂದ್ರು." ಅವ್ವ ಮೊಳೆಯನ್ನು ಕೆಳಗಿಟ್ಟಳು. "ತಿನ್ನು. ಆರ್ತೈತಿ."

ತಿಂದೆ. ಅದರ ರುಚಿ ಹೇಗಿತ್ತು ಎಂದು ನನಗೆ ನೆನಪಿಲ್ಲ.

ಇದಾದ ಎರಡು ದಿನಕ್ಕೆ ನಾನು ಆ ಗಂಟನ್ನು ಚೀಲದಲ್ಲಿ ಹಾಕಿಕೊಂಡು ಕೆಲಸಕ್ಕೆ ಹೋದೆ. ಅತಿಥಿಗಳು ಇನ್ನೂ ಇಳಿದು ಬಂದಿರಲಿಲ್ಲ. ಮಷಿನ್ನು ತಣ್ಣಗಿತ್ತು. ಕಿಟಕಿಯ ಆಚೆ ಸಮುದ್ರದ ಮೇಲೆ ಬೆಳಕು ಬಂದಿತ್ತು. ಮೇಜಿನ ಮೇಲೆ, ನನ್ನ ಕಾರ್ಡಿನ ಪಕ್ಕದಲ್ಲಿ ಗಂಟು ಇಟ್ಟೆ. ಅದು ಸುಲಭಕ್ಕೆ ಬಿಚ್ಚಲಿಲ್ಲ. ಅಪ್ಪ ಹಾಕಿದ ಕೊನೆಯ ಗಂಟು ಅದು, ಬಿಚ್ಚಿದರೆ ಮತ್ತೆ ಹಾಗೆ ಹಾಕಲು ನನಗೆ ಬರುವುದಿಲ್ಲ ಎಂದು ಗೊತ್ತಿತ್ತು. ಉಗುರು ತೂರಿಸಿ ಬಿಚ್ಚಿದೆ. ಗುಣ್ಯಾವನ್ನು ಒಂದು ಹಲ್ಲಿಗೆ ಒತ್ತಿ, ಬಗ್ಗಿ, ಕಿಟಕಿಯ ಬೆಳಕಿಗೆ ನೇರವಾಗಿ ಒಂದು ಕಣ್ಣು ಮುಚ್ಚಿದೆ.

ಬುಡದಲ್ಲಿ ಹಲ್ಲಿಗೆ ಗುಣ್ಯಾ ಕೂಡಿಕೊಂಡಿತ್ತು. ಮೇಲೆ ಬರುತ್ತ ಬರುತ್ತ ಬಿಟ್ಟುಕೊಂಡು, ತುದಿಯಲ್ಲಿ ಜೋಳದ ಕಾಳಿನ ಅರ್ಧದಷ್ಟು ಬೆಳಕು. ನೋಡಲು ಎರಡು ಉಸಿರು ತೆಗೆಯುವಷ್ಟು ಹೊತ್ತೂ ಬೇಕಾಗಲಿಲ್ಲ.

ಹಿಂದೆ ನಮ್ಮ ಹಿರಿಯ ಕುಕ್ ಬಂದು ನಿಂತಿದ್ದರು. ಗೋವಾದವರೇ, ಸಾಂಖಳಿ ಊರಿನವರು. ಕೊಂಕಣಿ, ಹಿಂದಿ ಬರುತ್ತದೆ, ಕನ್ನಡ ಒಂದಕ್ಷರ ಬಾರದು. ಏನು ಮಾಡುತ್ತಿದ್ದೀ, ಮಷಿನ್ನು ಕೆಟ್ಟಿದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಕೆಟ್ಟಿಲ್ಲ ಎಂದು ಹಿಂದಿಯಲ್ಲೇ ಹೇಳಬಹುದಿತ್ತು. ನನ್ನ ಬಾಯಲ್ಲಿ ಬಂದದ್ದು ಬೇರೆ.

"ಓರೆ ಐತಿ," ಅಂದೆ. "ಬೆಳಕು ಹಾಯ್ತೈತಿ."

ಅವರು ತಿಳಿಯದೆ ನನ್ನ ಮುಖವನ್ನೇ ನೋಡಿದರು. ನಾನು ಇನ್ನೊಂದು ಹಲ್ಲಿಗೆ ಗುಣ್ಯಾ ಹಚ್ಚಿದೆ.